ಕಿವುಡ ಹುಡುಗಿ ಪತ್ತೇದಾರಿಕೆಗೆ ಇಳಿದರೆ

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರಿಗೆ ಉತ್ತರಿಸುತ್ತಾ, ಹದಿಹರೆಯದವರಿಗಾಗಿ ಕನ್ನಡದಲ್ಲಿ ಒಂದು ಒಳ್ಳೆಯ ಪತ್ತೇದಾರಿ ಕಾದಂಬರಿ ಬರಬೇಕು, ಅದರ ನಾಯಕಿ ಕಿವುಡಿಯಾಗಿರಬೇಕು ಎಂದು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣ ಪೂರ್ತಿ ತುಂಬಿವೆ.

ಹೊಸ ಓದುಗರಿಗೆ ಒಂದು ಮಾತು. ನಾನು ಕಿವುಡಿ. ಎಂಟನೇ ವಯಸ್ಸಿನಲ್ಲಿ ಮೆದುಳುಜ್ವರ ಬಂದು ಎರಡೂ ಕಿವಿ ಹೋದವು. ಹುಟ್ಟಿದ್ದು ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ, ಈಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಜ್ವರಕ್ಕೆ ಮೊದಲು ಕಲಿತ ಮಾತು ಉಳಿದಿದೆ. ಕೈಭಾಷೆ ಕಲಿತದ್ದು ಆಮೇಲೆ, ಹಾಸ್ಟೆಲಿನಲ್ಲಿ, ನನ್ನಂಥದೇ ಹುಡುಗಿಯರಿಂದ. ಪತ್ತೇದಾರಿ ಕಾದಂಬರಿಯ ಹುಚ್ಚು ಹಿಡಿದದ್ದೂ ಅಲ್ಲೇ. ಆ ಪುಸ್ತಕಗಳಲ್ಲಿ ಯಾರಾದರೂ ಬಾಗಿಲ ಹಿಂದೆ ನಿಂತು ಕದ್ದು ಕೇಳುತ್ತಲೇ ಇರುತ್ತಿದ್ದರು. ಕಿವಿ ಕೇಳದವಳು ಗುಟ್ಟು ಬಿಡಿಸುವುದು ಹೇಗೆ ಅನ್ನುವ ಪ್ರಶ್ನೆ ಆಗಿನಿಂದಲೂ ನನ್ನ ತಲೆಯಲ್ಲಿದೆ.

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿನಿ. ನೀವು ಬರೆದದ್ದು ಓದಿ ನಿಜವಾಗಿಯೂ ಕಾದಂಬರಿ ಶುರು ಮಾಡಿದ್ದೇನೆ, ಮೂರು ಅಧ್ಯಾಯ ಜೊತೆಗಿಟ್ಟಿದ್ದೇನೆ. ನಾಯಕಿಗೆ 16 ವರ್ಷ, ಹುಟ್ಟಿನಿಂದ ಕಿವುಡಿ, ಕಾರವಾರದ ಮೀನುಗಾರರ ಮನೆಯವಳು. ಬೈತ್‌ಖೋಲ್ ಬಂದರಿನಲ್ಲಿ ಒಂದು ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಕಾಣೆಯಾಗುತ್ತಾನೆ. ದೂರದ ಧಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಮೇಲೆ ನಿಂತ ಇಬ್ಬರ ತುಟಿ ಓದಿ ಇವಳು ಇಡೀ ಸಂಚು ತಿಳಿದುಕೊಳ್ಳುತ್ತಾಳೆ. ‘ಇದು ನಂಬೋ ಹಾಗಿಲ್ಲ’ ಅಂತಾಳೆ ನನ್ನ ಗೆಳತಿ. ಹೌದಾ? (ಶಿರಸಿಯಿಂದ)

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಅಧ್ಯಾಯಗಳನ್ನು ಓದಿದೆ. ಬಂದರು ಚೆನ್ನಾಗಿ ಬಂದಿದೆ, ಹುಡುಗಿಯ ಸಿಟ್ಟೂ ಚೆನ್ನಾಗಿದೆ. ಆದರೆ ಧಕ್ಕೆಯ ದೃಶ್ಯ ಪೂರ್ತಿ ಬದಲಾಗಬೇಕು.

ತುಟಿ ಓದುವುದರಲ್ಲಿ ಓದಿಗಿಂತ ಊಹೆಯೇ ಜಾಸ್ತಿ. ಕನ್ನಡಿ ಮುಂದೆ ನಿಂತು ದನಿ ತೆಗೆಯದೆ ‘ಮಳೆ, ಬಲೆ, ಬಳೆ’ ಅಂತ ಹೇಳಿ ನೋಡಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕ, ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವ ಅಕ್ಷರಗಳು, ಹೊರಗೆ ಏನೂ ಕಾಣಿಸುವುದಿಲ್ಲ. ತ, ದ, ನ ಹಲ್ಲಿನ ಹಿಂದೆಯೇ ಮುಗಿದುಹೋಗುತ್ತವೆ. ಎದುರಿಗೆ ಕೂತು, ಬೆಳಕಿನಲ್ಲಿ, ಯಾವ ವಿಷಯ ಅಂತ ಮೊದಲೇ ಗೊತ್ತಿದ್ದು, ಪರಿಚಯದವರು ನಿಧಾನವಾಗಿ ಮಾತಾಡಿದರೂ ನನಗೆ ಮಾತು ತಪ್ಪಿಹೋಗುತ್ತದೆ. ಇನ್ನು ದೂರದ ಧಕ್ಕೆ, ಪಕ್ಕಕ್ಕೆ ತಿರುಗಿದ ಮುಖ, ಎದುರು ಬಿಸಿಲು ಅಂದರೆ ಏನೂ ದಕ್ಕುವುದಿಲ್ಲ.

ದಪ್ಪ ಮೀಸೆಯವರ ತುಟಿ ಕಷ್ಟ. ಅದಕ್ಕಿಂತ ಕಷ್ಟ ಕವಳ, ಅಂದರೆ ಎಲೆ ಅಡಿಕೆ. ನಮ್ಮ ಜಿಲ್ಲೆಯಲ್ಲಿ ಊಟ ಆದ ಮೇಲೆ ಯಾರ ಬಾಯಿ ಖಾಲಿ ಇರುತ್ತದೆ ಹೇಳಿ? ನನ್ನ ದೊಡ್ಡಪ್ಪ ಕವಳ ಹಾಕಿಕೊಂಡು, ತಲೆ ಸ್ವಲ್ಪ ಮೇಲೆತ್ತಿ, ತುಟಿ ಅಲುಗದ ಹಾಗೆ ಮಾತಾಡುತ್ತಿದ್ದ. ಒಂದಕ್ಷರವೂ ತಿಳಿಯುತ್ತಿರಲಿಲ್ಲ. ದೊಡ್ಡಮ್ಮ ಮಾತ್ರ ‘ಕವಳ ತುಪ್ಪಿ ಬಂದು ಕೂಸಿನ ಹತ್ರ ಮಾತಾಡಿ’ ಅಂತ ಆತನನ್ನು ಅಂಗಳಕ್ಕೆ ಕಳಿಸುತ್ತಿದ್ದಳು. ನಿಮ್ಮ ಬಂದರಿನಲ್ಲಿ ಇಂಥ ಒಬ್ಬ ಮನುಷ್ಯನನ್ನು ತನ್ನಿ. ಇವಳ ಎದುರು ಬಂದಾಗಲೆಲ್ಲ ಬಾಯಿಗೆ ಕವಳ ತುಂಬಿಕೊಳ್ಳುವವನು. ಅದು ಅಭ್ಯಾಸವೋ, ಬೇಕಂತಲೇ ಮಾಡುತ್ತಾನೋ ಅಂತ ಓದುಗರು ಯೋಚಿಸಲಿ.

ಇನ್ನೊಂದು ವಿಷಯ ನೀವು ಮರೆತಿದ್ದೀರಿ. ನಿಮ್ಮ ಹುಡುಗಿಯ ಮನೆಮಾತು ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿಯೂ ಸಿಗುತ್ತದೆ, ಬೋಟಿನ ಕೆಲಸಕ್ಕೆ ಹೊರರಾಜ್ಯಗಳಿಂದ ಬಂದವರು ಹಿಂದಿ ಆಡುತ್ತಾರೆ. ಎದುರಿಗಿರುವವರು ಯಾವ ಭಾಷೆಯಲ್ಲಿದ್ದಾರೆ ಅಂತ ಗೊತ್ತಾಗದೆ ತುಟಿ ಓದಲು ಶುರು ಮಾಡಲಿಕ್ಕೇ ಆಗುವುದಿಲ್ಲ. ಮೇಲಾಗಿ ಅವಳು ಹುಟ್ಟಿನಿಂದ ಕಿವುಡಿ. ನನಗಾದರೆ ಎಂಟು ವರ್ಷ ಕಿವಿಯಾರೆ ಕೇಳಿದ ಕನ್ನಡದ ನೆನಪಿದೆ, ಅದನ್ನು ಇಟ್ಟುಕೊಂಡು ಊಹಿಸುತ್ತೇನೆ. ಅವಳಿಗೆ ಆ ಆಸರೆ ಇಲ್ಲ.

ಹಾಗಂತ ದೃಶ್ಯ ಬಿಸಾಡಬೇಡಿ. ಇಬ್ಬರನ್ನೂ ಹತ್ತಿರ ತನ್ನಿ, ಐಸ್ ಅಂಗಡಿಯ ಮುಂದೆ ನಿಲ್ಲಿಸಿ, ಕನ್ನಡದಲ್ಲಿ ಮಾತಾಡಿಸಿ. ಒಬ್ಬ ಹೇಳುತ್ತಾನೆ: ‘ಬಲೆ ಬಂದ ಮೇಲೆ ಹೊರಡೋಣ.’ ಅವಳು ಓದಿಕೊಳ್ಳುವುದು ‘ಮಳೆ ಬಂದ ಮೇಲೆ ಹೊರಡೋಣ’ ಅಂತ. ಬಂದರಿನಲ್ಲಿ ಎರಡಕ್ಕೂ ಅರ್ಥ ಇದೆ. ಅವಳು ಮೋಡ ನೋಡುತ್ತಾ ಎರಡು ದಿನ ಕಾಯುತ್ತಾಳೆ. ಅಷ್ಟರಲ್ಲಿ ರಿಪೇರಿಗೆ ಹೋದ ಬಲೆ ವಾಪಸ್ಸು ಬಂದು, ಬೋಟು ಹೊರಟೇ ಹೋಗುತ್ತದೆ. ಯಾವ ಪತ್ತೇದಾರನೂ ಮಾಡುವಂಥ ತಪ್ಪು ಇದು, ಆದರೆ ಇವಳ ದಾರಿಯಲ್ಲೇ ಬಂದ ತಪ್ಪು.

ಪುಟದ ಮೇಲೆ ಇದನ್ನು ಬರೆಯುವ ಕ್ರಮವೂ ಮುಖ್ಯ. ಅವಳಿಗೆ ಸಿಗದ ಮಾತು ಓದುಗರಿಗೂ ಸಿಗಬಾರದು. ಸಂಭಾಷಣೆ ಪೂರ್ತಿ ಬರೆದು ಕೊನೆಗೆ ‘ಇದು ಅವಳಿಗೆ ತಿಳಿಯಲಿಲ್ಲ’ ಅಂತ ಸೇರಿಸಿದರೆ ನೀವು ಅವಳನ್ನು ಬಿಟ್ಟು ಕಿವಿ ಕೇಳುವವರ ಜೊತೆ ಹೋಗಿ ನಿಂತ ಹಾಗೆ. ‘ನಾಳೆ… ದೋಣಿ… ಯಾರಿಗೂ…’ ಅಂತ ತೂತು ಬಿಟ್ಟು ಬರೆಯಿರಿ. ಆ ತೂತು ತುಂಬುವ ಕೆಲಸವೇ ಪತ್ತೇದಾರಿಕೆ. ಓದುವ ಹುಡುಗರೂ ಅವಳ ಜೊತೆ ತುಂಬಲಿ, ಜೊತೆಗೇ ತಪ್ಪಲಿ.

ಅವಳಿಗೆ ಚೆನ್ನಾಗಿ ತಿಳಿಯುವ ಭಾಷೆಯೂ ಬಂದರಿನಲ್ಲೇ ಇದೆ. ದೊಡ್ಡ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವುದನ್ನು ನೋಡಿದ್ದೀರಾ? ದೋಣಿಯಲ್ಲಿರುವವರು, ದಡದಲ್ಲಿ ಹಗ್ಗ ಹಿಡಿದವರು ಕೈ ಬೀಸಿಯೇ ಸುದ್ದಿ ಮುಟ್ಟಿಸುತ್ತಾರೆ. ಬೋಟಿನ ಎಂಜಿನ್ ಸದ್ದಿನಲ್ಲೂ ಅಷ್ಟೇ, ಮಾತಿಗಿಂತ ಕೈ ಮುಂದು. ಒಂದು ದಿನ ಒಬ್ಬ ಬೀಸಬೇಕಾದ ಥರ ಬೀಸಲಿಲ್ಲ ಅಂದರೆ ಮೊದಲು ಗೊತ್ತಾಗುವುದು ಅವಳಿಗೆ.

ಕಾಲವನ್ನೂ ಯೋಚಿಸಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಸಾಲಾಗಿ ಕಟ್ಟಿಹಾಕಿದ ಬೋಟುಗಳಲ್ಲಿ ಒಂದು ಜಾಗ ಬೆಳಿಗ್ಗೆ ಖಾಲಿ ಇದ್ದು ಮರುದಿನ ತುಂಬಿದ್ದರೆ, ಹಗ್ಗದ ಗಂಟು ನಿನ್ನೆಯದಲ್ಲದಿದ್ದರೆ, ಅದನ್ನು ಕಾಣಲು ಕಿವಿ ಬೇಕಾಗಿಲ್ಲ. ನಿಮ್ಮ ಕಥೆ ಈಗ ಜನವರಿಯಲ್ಲಿದೆ. ಜುಲೈಗೆ ತನ್ನಿ ಅಂತ ನನ್ನ ಆಸೆ. ಬಲೆ ರಿಪೇರಿಯೂ ಆ ತಿಂಗಳಿಗೇ ಹೊಂದುತ್ತದೆ. ಮಳೆಗೆ ಕಾದು ಕೂರುವ ಆ ತಪ್ಪಿಗೆ ಮಾತ್ರ ಮಳೆ ಬಿಟ್ಟು ಹೊಳವಾದ ನಾಲ್ಕು ದಿನ ಹುಡುಕಿಕೊಳ್ಳಬೇಕು.

ಪ್ರಶ್ನೆ: ಒಂದು ಇಂದ್ರಿಯ ಹೋದರೆ ಉಳಿದವು ಚುರುಕಾಗುತ್ತವಂತೆ. ಹಾಗಾದರೆ ನಾಯಕಿ ವಾಸನೆಯಿಂದಲೇ ಅಪರಾಧಿಯನ್ನು ಹಿಡಿಯಬಹುದಲ್ಲವೇ? (ಹೊನ್ನಾವರದಿಂದ)

ಉತ್ತರ: ಬೇಡ, ದಯವಿಟ್ಟು ಬೇಡ. ನನ್ನ ಮೂಗು ನಿಮ್ಮ ಮೂಗಿನಷ್ಟೇ ಚುರುಕು.

ಪ್ರಯೋಗಗಳಲ್ಲಿ ಕಂಡ ಒಂದು ಸಂಗತಿ ಇದೆ. ಹುಟ್ಟಿನಿಂದ ಕಿವುಡರಾಗಿ ಕೈಭಾಷೆ ಬಳಸುವವರು ಕಣ್ಣಂಚಿನಲ್ಲಾಗುವ ಚಲನೆಯನ್ನು ಬೇಗ ಗುರುತಿಸುತ್ತಾರೆ. ಅದು ದೃಷ್ಟಿ ಹೆಚ್ಚಾದದ್ದಲ್ಲ, ಗಮನ ಹರಡುವ ರೀತಿ. ಅದನ್ನು ಬಳಸಿಕೊಳ್ಳಿ. ಅದರ ಜೊತೆಗೆ ಆಯಾಸವನ್ನೂ ಬರೆಯಿರಿ. ದಿನವಿಡೀ ಮುಖಗಳನ್ನು ನೋಡಿ ನೋಡಿ ಸಂಜೆಗೆ ಕಣ್ಣು ಉರಿಯುತ್ತದೆ, ತಲೆ ಸಿಡಿಯುತ್ತದೆ, ಯಾರೂ ಮಾತಾಡಿಸದಿದ್ದರೆ ಸಾಕು ಅನಿಸುತ್ತದೆ. ಕಿವುಡ ಪತ್ತೇದಾರಿಣಿ ಮುಖ್ಯವಾದ ಒಂದು ಸುಳಿವನ್ನು ಸುಸ್ತಿನಿಂದ ಕಳೆದುಕೊಂಡರೆ ನಾನು ತಕ್ಷಣ ನಂಬುತ್ತೇನೆ.

ಕಂಪನ ನಿಜ, ಆದರೆ ಎಲ್ಲ ಕಡೆ ಅಲ್ಲ. ನಮ್ಮ ಹಳೇ ಮನೆಯ ಮೆತ್ತಿನ (ಮಹಡಿಯ) ಹಲಗೆಯ ಮೇಲೆ ಯಾರಾದರೂ ನಡೆದರೆ ಕೂತಲ್ಲೇ ನನ್ನ ಕಾಲಿಗೆ ಗೊತ್ತಾಗುತ್ತಿತ್ತು. ಅಪ್ಪ ಬಂದನೋ ಅಜ್ಜಿ ಬಂದಳೋ ಅನ್ನುವಷ್ಟು. ಕೆಳಗಿನ ಮಣ್ಣಿನ ನೆಲದ ಮೇಲೆ ಆನೆ ನಡೆದರೂ ತಿಳಿಯುತ್ತಿರಲಿಲ್ಲವೇನೋ. ಸಿಮೆಂಟು ನೆಲವೂ ಹಾಗೇ. ಹಾಗಾಗಿ ನಿಮ್ಮ ಕಥೆಯಲ್ಲಿ ಯಾವ ಕೋಣೆಗೆ ಯಾವ ನೆಲ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಯಕ್ಷಗಾನದಲ್ಲಿ ಚಂಡೆಯವರ ಹತ್ತಿರ ಕೂತರೆ ಪೆಟ್ಟು ಎದೆಗೇ ಬಂದು ಮುಟ್ಟುತ್ತದೆ. ರಾತ್ರಿಯ ಆಟಕ್ಕೆ ನಾನು ಈಗಲೂ ಹೋಗುತ್ತೇನೆ, ಮುಂದಿನ ಸಾಲಿನ ಎಡ ತುದಿಗೆ ಕೂರುತ್ತೇನೆ.

ಪ್ರಶ್ನೆ: ಕೈಭಾಷೆಯ ಮಾತನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು? ‘ಅವಳು ಎರಡು ಬೆರಳು ಎತ್ತಿ, ಕೈ ತಿರುಗಿಸಿ’ ಅಂತ ಪ್ರತಿಯೊಂದನ್ನೂ ವಿವರಿಸಬೇಕಾ? ಅಥವಾ ‘ನಾನು ಅಂಗಡಿ ಹೋಗು’ ಅಂತ ಮುರಿದು ಬರೆಯಬೇಕಾ? (ಕುಮಟಾದ ಶಿಕ್ಷಕಿ)

ಉತ್ತರ: ಎರಡೂ ಬೇಡ. ಕೈಭಾಷೆ ಪೂರ್ತಿ ಭಾಷೆ. ಕನ್ನಡವನ್ನೇ ಬೆರಳಲ್ಲಿ ಹೇಳುವುದಲ್ಲ. ಅದಕ್ಕೆ ಅದರದೇ ವ್ಯಾಕರಣ ಇದೆ. ಪ್ರಶ್ನೆ ಕೇಳುವಾಗ ಹುಬ್ಬು ಕೆಲಸ ಮಾಡುತ್ತದೆ. ಯಾರು ಯಾರಿಗೆ ಕೊಟ್ಟರು ಅನ್ನುವುದು ಕೈ ಚಲಿಸುವ ದಿಕ್ಕಿನಲ್ಲೇ ಇರುತ್ತದೆ. ಅದರಲ್ಲಿ ಜಗಳ ಆಡಬಹುದು, ಗುಟ್ಟು ಹೇಳಬಹುದು, ಸುಳ್ಳೂ ಹೇಳಬಹುದು. ಮುರಿದ ಕನ್ನಡದಲ್ಲಿ ಬರೆದರೆ ಓದುವವರಿಗೆ ಅವಳಿಗೆ ಬುದ್ಧಿಯೇ ಕಡಿಮೆ ಅನಿಸುತ್ತದೆ. ಒಳ್ಳೆಯ, ಸಲೀಸಾದ ಕನ್ನಡದಲ್ಲಿ ಬರೆಯಿರಿ. ಬೇರೆ ಅಂತ ತೋರಿಸಬೇಕಿದ್ದರೆ ಅಕ್ಷರ ಸ್ವಲ್ಪ ಓರೆ ಮಾಡಿದರೆ ಸಾಕು. ಕೈಯ ವಿವರ ಅಗತ್ಯ ಬಿದ್ದಾಗ ಮಾತ್ರ: ಕೈ ನಡುಗಿದಾಗ, ಒದ್ದೆ ಬಟ್ಟೆ ಹಿಡಿದು ಒಂದೇ ಕೈಯಲ್ಲಿ ಮಾತಾಡಬೇಕಾದಾಗ.

ಈ ಕೈಭಾಷೆಗೆ, ಅಂದರೆ ಭಾರತೀಯ ಸಂಕೇತ ಭಾಷೆಗೆ, ದೆಹಲಿಯಲ್ಲಿ 2015ರಲ್ಲಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅವರ ನಿಘಂಟಿನ 2021ರ ಆವೃತ್ತಿಯಲ್ಲಿ 10,000 ಪದಗಳಿವೆ, ವಿಡಿಯೋ ರೂಪದಲ್ಲಿ. ಬರೆಯುವವರು ನೋಡಲೇಬೇಕು. ಆದರೆ ಹಳ್ಳಿಯ ಎಲ್ಲ ಕಿವುಡ ಮಕ್ಕಳಿಗೂ ಆ ಭಾಷೆ ಬರುತ್ತದೆ ಅಂದುಕೊಳ್ಳಬೇಡಿ. ಹೆಚ್ಚಿನ ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವ ಅಪ್ಪ ಅಮ್ಮನಿಗೆ. ಮನೆಯಲ್ಲಿ ನಡೆಯುವುದು ಮನೆಮಂದಿ ಸೇರಿ ಕಟ್ಟಿಕೊಂಡ ಸನ್ನೆಗಳು. ಊಟ, ನೀರು, ಶಾಲೆ, ಅಜ್ಜಿ ಅನ್ನುವಷ್ಟಕ್ಕೆ ಸಾಕು. ‘ಯಾಕೆ’ ಅನ್ನುವುದು ಬಂದಾಗ ಆ ಸನ್ನೆ ನಿಂತುಹೋಗುತ್ತದೆ. ಪತ್ತೇದಾರಿ ಕಥೆಗೆ ಬೇಕಾದದ್ದೇ ‘ಯಾಕೆ’, ಅಲ್ವಾ?

ಒಂದು ದೃಶ್ಯ ಹೇಳುತ್ತೇನೆ, ಬೇಕಾದವರು ತೆಗೆದುಕೊಳ್ಳಿ. ಅಡಿಕೆ ಸುಲಿಯುವ ರಾತ್ರಿ. ಕೊಯ್ಲು ಮುಗಿದು ಅಂಗಳದಲ್ಲಿ ರಾಶಿ ಬಿದ್ದಿದೆ. ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುತ್ತ ಕೂತಿದ್ದಾರೆ. ಎಲ್ಲರ ಕಣ್ಣೂ ಕತ್ತಿಯ ಮೇಲೆ, ಎಲ್ಲರ ತಲೆಯೂ ಕೆಳಗೆ. ಬಾಯಿಗೆ ಮಾತ್ರ ಬಿಡುವಿಲ್ಲ. ಊರಿನ ಮದುವೆ, ಜಗಳ, ಕಳ್ಳತನ, ಯಾರ ಸೊಸೆ ಯಾಕೆ ತವರಿಗೆ ಹೋದಳು, ಎಲ್ಲ ಅಲ್ಲೇ ಹೊರಬರುತ್ತದೆ. ಆ ಊರಿನ ಯಾವುದೇ ಗುಟ್ಟು ಬೇಕಿದ್ದರೂ ಅಲ್ಲಿ ಸಿಗುತ್ತದೆ. ನನಗೆ ಕಾಣುತ್ತಿದ್ದದ್ದು ತಲೆಯ ಬೈತಲೆಗಳು. ಭುಜ ಅಲುಗಿದರೆ ನಗುತ್ತಿದ್ದಾರೆ ಅಂತ. ಏನು ಅಂತ ಕೇಳಿದರೆ ‘ಏನಿಲ್ಲ, ಆಮೇಲೆ ಹೇಳ್ತೆ.’ ಆಮೇಲೆ ಯಾರೂ ಹೇಳುತ್ತಿರಲಿಲ್ಲ.

ಚಿಕ್ಕಪ್ಪನ ಮಗಳು ಒಬ್ಬಳು ಮಾತ್ರ ತನ್ನ ಕತ್ತಿ ಎತ್ತಿಟ್ಟು, ಬಲ್ಬಿನ ಕೆಳಗೆ ನನ್ನ ಎದುರು ಬಂದು ಕೂತು, ಅಲ್ಲಿಯವರೆಗೆ ಆದ ಮಾತೆಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದಳು. ಅವಳ ಪಾಲಿನ ಅಡಿಕೆ ಹಾಗೇ ಉಳಿದು ಬೈಸಿಕೊಳ್ಳುತ್ತಿದ್ದಳು. ನಿಮ್ಮ ಪತ್ತೇದಾರಿಣಿಗೆ ಇಂಥ ಒಬ್ಬ ಗೆಳತಿ ಬೇಕು. ಕರುಣೆಯಿಂದ ಜೊತೆಗಿರುವವಳಲ್ಲ. ತನಗೆ ಗೊತ್ತಾದದ್ದು ಇವಳಿಗೂ ಗೊತ್ತಾಗಬೇಕು ಅಂತ ಹಟ ಇರುವವಳು.

ಪ್ರಶ್ನೆ: ನಾನೂ ಒಂದು ಕಥೆ ಬರೆಯುತ್ತಿದ್ದೇನೆ. ಕೊನೆಯಲ್ಲಿ ಕಿವುಡ ಹುಡುಗಿ ಪೊಲೀಸರಿಗೆ ಎಲ್ಲ ಹೇಳುತ್ತಾಳೆ. ಅವಳ ಸನ್ನೆಯನ್ನು ಮಾವ ಅನುವಾದ ಮಾಡುತ್ತಾನೆ. ಕಾನೂನಿನಲ್ಲಿ ಇದು ನಡೆಯುತ್ತದೆಯೇ? (ಕಾರವಾರದ ಕಾನೂನು ವಿದ್ಯಾರ್ಥಿ)

ಉತ್ತರ: ನೀವು ಓದುತ್ತಿರುವ ವಿಷಯವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಸೆಕ್ಷನ್ ತೆಗೆದು ನೋಡಿ. ಮಾತನಾಡಲಾಗದ ಸಾಕ್ಷಿ ತೆರೆದ ನ್ಯಾಯಾಲಯದಲ್ಲಿ ಬರೆದು ಅಥವಾ ಸನ್ನೆಯಿಂದ ಸಾಕ್ಷ್ಯ ಹೇಳಬಹುದು, ಅದು ಮೌಖಿಕ ಸಾಕ್ಷ್ಯವೇ ಆಗುತ್ತದೆ. ಬಾಯಿಮಾತಿನಲ್ಲಿ ಹೇಳಲಾಗದಿದ್ದರೆ ನ್ಯಾಯಾಲಯ ಅನುವಾದಕರ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಹೇಳಿಕೆಯನ್ನು ವಿಡಿಯೋ ಮಾಡಬೇಕು. 1872ರ ಹಳೆಯ ಕಾಯ್ದೆಯಲ್ಲಿ ಇದು 119ನೇ ಸೆಕ್ಷನ್ ಆಗಿತ್ತು. ಅನುವಾದಕರ, ವಿಡಿಯೋದ ಮಾತು ಅದಕ್ಕೆ ಸೇರಿದ್ದು 2013ರ ತಿದ್ದುಪಡಿಯಲ್ಲಿ.

ಹಾಗಾಗಿ ಮಾವನನ್ನು ತೆಗೆದುಹಾಕಿ ಅನ್ನುವುದಿಲ್ಲ. ಠಾಣೆಯಲ್ಲಿ ಮೊದಲು ಅವನನ್ನೇ ಕೂರಿಸಿ. ಅವಳು ಐದು ನಿಮಿಷ ಕೈಯಲ್ಲಿ ಹೇಳುತ್ತಾಳೆ, ಮಾವ ‘ಏನಿಲ್ಲ ಸರ್, ಹೆದರಿದ್ದಾಳೆ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಪೊಲೀಸರು ಬರೆದುಕೊಂಡ ಸಾಲು ಎಷ್ಟು ಚಿಕ್ಕದು ಅಂತ ಅವಳು ನೋಡುತ್ತಾಳೆ. ನನ್ನ ಪರವಾಗಿ ಮಾತಾಡಿದವರು ನನ್ನ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದು ಒಂದೆರಡು ಸಲ ಅಲ್ಲ. ಆಗ ಬರುವ ಸಿಟ್ಟು ಕಥೆಯಲ್ಲಿ ಬರಬೇಕು. ಆಮೇಲೆ ಅವಳು ಪೆನ್ನು ಕಸಿದುಕೊಳ್ಳಲಿ, ಅಥವಾ ನಿಜವಾದ ಅನುವಾದಕಿ ಬರಲಿ. ಮಾವ ಯಾಕೆ ಚಿಕ್ಕದು ಮಾಡಿದ ಅನ್ನುವುದು ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ನಾಯಕಿಗೆ ಶ್ರವಣ ಸಾಧನ ಹಾಕಿಸಿದರೆ ಎಲ್ಲ ಕೇಳಿಸುತ್ತದಲ್ಲ, ಆಗ ಕಥೆ ಎಲ್ಲಿ? (ಅಂಕೋಲಾದಿಂದ)

ಉತ್ತರ: ಕೇಳಿಸುವುದು ಬೇರೆ, ತಿಳಿಯುವುದು ಬೇರೆ. ಸಾಧನ ಸದ್ದನ್ನು ದೊಡ್ಡದು ಮಾಡುತ್ತದೆ. ಆಷಾಢದ ಮಳೆ ತಗಡಿನ ಮೇಲೆ ಬೀಳುವಾಗ ಅದನ್ನೂ ದೊಡ್ಡದು ಮಾಡುತ್ತದೆ. ಕರಾವಳಿಯ ಬೆವರು, ತೇವ ಅದಕ್ಕೆ ಶತ್ರು. ರಾತ್ರಿ ಒಣಗಿಸುವ ಡಬ್ಬಿಯಲ್ಲಿ ಇಡಬೇಕು. ನನ್ನಷ್ಟು ಕಿವುಡರಿಗೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ, ಹಾಕುವ ಗೆಳತಿಯರಿಂದ ತಿಳಿದದ್ದು ಇಷ್ಟು.

ಅವರಲ್ಲೊಬ್ಬಳು ಹೇಳಿದ ಸಂಗತಿ ಕಥೆಗೆ ಹೇಳಿಮಾಡಿಸಿದ್ದು. ಕಿವಿಯಚ್ಚು (ಸಾಧನದ, ಕಿವಿಯೊಳಗೆ ಕೂರುವ ಭಾಗ) ಸಡಿಲವಾಗಿದ್ದರೆ, ಅಥವಾ ಕಿವಿಯ ಹತ್ತಿರ ಏನಾದರೂ ಒತ್ತಿದರೆ, ಸಾಧನ ಕುಯ್ ಅಂತ ಶಿಳ್ಳೆ ಹೊಡೆಯುತ್ತದೆ. ಅಷ್ಟು ಚೂಪಾದ ಸದ್ದು ಹಾಕಿಕೊಂಡವಳಿಗೇ ಕೇಳಿಸದೆ ಇರಬಹುದು. ಅಕ್ಕಪಕ್ಕದವರಿಗೆ ಕೇಳುತ್ತದೆ. ನಾಯಕಿ ಬಲೆ ರಾಶಿಯ ಹಿಂದೆ ಉಸಿರು ಬಿಗಿಹಿಡಿದು ಅಡಗಿ ಕೂತಿದ್ದಾಳೆ. ತಾನು ಸದ್ದು ಮಾಡುತ್ತಿಲ್ಲ ಅಂತ ಅವಳ ನಂಬಿಕೆ. ಅಪರಾಧಿ ನಿಂತು, ತಿರುಗಿ, ನೇರ ಅವಳ ಕಡೆಗೇ ಬರುತ್ತಾನೆ. ಯಾಕೆ ಅಂತ ಅವಳಿಗೆ ಅರ್ಥವಾಗುವುದಿಲ್ಲ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಎರಡು ವರ್ಷದಿಂದ ಕಿವಿ ಕಡಿಮೆಯಾಗುತ್ತಾ ಬಂದಿದೆ. ಸಾಧನ ಕೊಡಿಸಿದ್ದೇವೆ, ಶಾಲೆಗೆ ಹಾಕಿಕೊಂಡು ಹೋಗಲು ಒಪ್ಪುವುದಿಲ್ಲ. ‘ಮೂಗಿ’ ಅಂತ ಯಾರೋ ಕರೆದರಂತೆ. ಮೊದಲು ತುಂಬಾ ಓದುತ್ತಿದ್ದಳು. ನೀವು ಹೇಳುವಂಥ ಕಾದಂಬರಿ ಇದ್ದರೆ ತಿಳಿಸಿ. ಕೊನೆಯಲ್ಲಿ ಆ ಹುಡುಗಿಗೆ ಕಿವಿ ಬರುತ್ತದೆ ತಾನೇ? (ಭಟ್ಕಳದಿಂದ ಒಬ್ಬ ತಾಯಿ)

ಉತ್ತರ: ಮೊದಲು ಕಿವಿಯ ಮಾತು. ಕೇಳುವಿಕೆ ಕಡಿಮೆಯಾಗುತ್ತಲೇ ಇದ್ದರೆ ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಕು, ಸಾಧನದ ಅಳತೆಯೂ ಬದಲಾಗಬೇಕಾಗಬಹುದು. ಒಮ್ಮೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಬನ್ನಿ. ಸರಿಹೊಂದದ ಸಾಧನ ಹಾಕಿಕೊಂಡರೆ ತಲೆನೋವೇ ಜಾಸ್ತಿ. ನಾಚಿಕೆ ಅಂತ ನಾವು ಅಂದುಕೊಂಡದ್ದು ಎಷ್ಟೋ ಸಲ ಅದೇ ಆಗಿರುತ್ತದೆ.

‘ಮೂಗಿ’ ಅಂದವರ ವಿಷಯ ಶಾಲೆಯಲ್ಲಿ ಹೋಗಿ ಮಾತಾಡಿ. ಮಗಳ ಮೇಲೆ ಬಿಡಬೇಡಿ. 2011ರ ಜನಗಣತಿಯಲ್ಲಿ ಈ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಶ್ರವಣ ಸಮಸ್ಯೆ ಇದೆ ಎಂದು ಬರೆಸಿದ್ದಾರೆ. ಅವಳಿಗೆ ಆ ಲೆಕ್ಕ ಬೇಡ, ತನ್ನ ವಯಸ್ಸಿನ ಇನ್ನೊಬ್ಬ ಹುಡುಗಿ ಕಣ್ಣೆದುರು ಸಿಕ್ಕರೆ ಸಾಕು. ಪುಸ್ತಕದಲ್ಲಾದರೂ ಸಿಗಲಿ ಅಂತಲೇ ನಾನು ಇಷ್ಟು ಹಟ ಹಿಡಿದಿರುವುದು.

ಇಲ್ಲ ತಾಯಿ, ಕೊನೆಯಲ್ಲಿ ಅವಳಿಗೆ ಕಿವಿ ಬರಬಾರದು. ಬರೆಯುವ ಎಲ್ಲರಿಗೂ ಇದೊಂದನ್ನು ನಾನು ಬೇಡಿಕೊಳ್ಳುತ್ತೇನೆ. ತಾಂಡೇಲ ಸಿಗಬೇಕು, ಅಪರಾಧಿ ಸಿಗಬೇಕು, ಅವಳು ಕಿವುಡಿಯಾಗಿಯೇ ಮನೆಗೆ ಬಂದು ಊಟಕ್ಕೆ ಕೂರಬೇಕು. ಕಿವಿ ಬಂದದ್ದೇ ಸುಖಾಂತ್ಯವಾದರೆ, ನಿಮ್ಮ ಮಗಳು ಪುಸ್ತಕ ಮುಚ್ಚಿದಾಗ ಅವಳಿಗೆ ಉಳಿಯುವುದೇನು? ಅಲ್ಲಿಯವರೆಗೆ ಅವಳ ಹಾಗೇ ಇದ್ದವಳು ಕೊನೆ ಪುಟದಲ್ಲಿ ಅವಳನ್ನು ಬಿಟ್ಟುಹೋದ ಹಾಗಾಗುತ್ತದೆ.

ಶಿರಸಿಯ ವಿದ್ಯಾರ್ಥಿನಿಗೆ ನಾನು ಪತ್ರ ಬರೆದೆ. ತಿದ್ದಿದ ಮೂರು ಅಧ್ಯಾಯಗಳನ್ನು ನಿಮ್ಮ ಮಗಳಿಗೆ ಕಳಿಸಲು ಒಪ್ಪಿದ್ದಾರೆ. ಹೊಗಳಬೇಕು ಅಂತೇನೂ ಇಲ್ಲ ಅಂತ ಅವಳಿಗೆ ಹೇಳಿ. ಎಲ್ಲಿ ಸುಳ್ಳು ಅನಿಸಿತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ವಾಪಸ್ಸು ಕಳಿಸಲಿ. ನಾಲ್ಕನೇ ಅಧ್ಯಾಯ ಅದು ಬಂದ ಮೇಲೇ ಬರೆಯುತ್ತಾರಂತೆ.